ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ದಿನಕ್ಕೆ ಮೂರು ಸಲ ನಿಲ್ಲುತ್ತಿದೆ, ಎಂತ ಮಾಡುವುದು?

ಶಾಂಭವಿ ಹೊಳೆಬದಿ · ಏಪ್ರಿಲ್ 4, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾನು ಮುಲ್ಕಿ ಹತ್ತಿರ ಮನೆಯಲ್ಲೇ ಡಿಟಿಪಿ ಮಾಡುವವಳು. ಮದುವೆ ಕಾಗದ, ದೈವದ ನೇಮದ ಆಮಂತ್ರಣ, ಯಕ್ಷಗಾನ ಆಟದ ಕರಪತ್ರ, ಇಂಥದ್ದೇ ಕೆಲಸ. ಫೆಬ್ರವರಿಯಲ್ಲಿ ಮಂಗಳೂರಿನ ಒಂದು ಅಂಗಡಿಯಿಂದ ₹11,500 ಕೊಟ್ಟು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದೆ. ಯಾವುದೋ ಆಫೀಸಿನಿಂದ ಬಂದ ಬ್ರಾಂಡೆಡ್ ಮೆಷಿನ್. ಇಂಟೆಲ್ ಐ5 ನಾಲ್ಕನೇ ಜನರೇಷನ್, 4+4 ಜಿಬಿ ಡಿಡಿಆರ್3 ರ‍್ಯಾಮ್, 240 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 10. ಮೊದಲ ಮೂರು ವಾರ ಒಂದು ತೊಂದರೆಯೂ ಇರಲಿಲ್ಲ.

ಈಗ ದಿನಕ್ಕೆ ಎರಡು ಮೂರು ಸಲ ನಿಂತು ಹೋಗುತ್ತದೆ. ಒಮ್ಮೊಮ್ಮೆ ನೀಲಿ ಪರದೆ ಬಂದು ರೀಸ್ಟಾರ್ಟ್ ಆಗುತ್ತದೆ. ಒಮ್ಮೊಮ್ಮೆ ಅದೂ ಇಲ್ಲ, ಟಪ್ ಅಂತ ಕಪ್ಪಾಗಿ ತಾನೇ ಮತ್ತೆ ಆನ್ ಆಗುತ್ತದೆ. ಮೊನ್ನೆ ಬ್ರಹ್ಮಕಲಶದ ಆಮಂತ್ರಣಕ್ಕೆ ಸಮಿತಿಯವರ ಹೆಸರು ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡುತ್ತಿದ್ದೆ. ಇನ್ನೂರಕ್ಕಿಂತ ಜಾಸ್ತಿ ಹೆಸರು. ಸೇವ್ ಮಾಡುವ ಮೊದಲೇ ಹೋಯಿತು. ರಾತ್ರಿ ಹನ್ನೆರಡೂವರೆ ತನಕ ಕೂತು ಮತ್ತೆ ಟೈಪ್ ಮಾಡಿದೆ. ಒಂದು ಹೆಸರು ಬಿಟ್ಟು ಹೋದರೂ ಊರಲ್ಲಿ ಎಷ್ಟು ಬೇಸರ ಆಗುತ್ತದೆ ಅಂತ ನಿಮಗೆ ಗೊತ್ತಲ್ಲ.

ಅಂಗಡಿಯವರು ಒಂದು ತಿಂಗಳ ವಾರಂಟಿ ಕೊಟ್ಟಿದ್ದರು. ಎರಡು ಸಲ ತೆಗೆದುಕೊಂಡು ಹೋದೆ. ಎರಡು ಸಲವೂ ಫಾರ್ಮ್ಯಾಟ್ ಮಾಡಿ, ವಿಂಡೋಸ್ ಪ್ರಾಬ್ಲಂ ಅಂದರು. ಅಲ್ಲಿ ದಿನವಿಡೀ ಓಡಿಸಿದರೂ ಒಮ್ಮೆಯೂ ನಿಲ್ಲಲಿಲ್ಲವಂತೆ. ಮನೆಗೆ ತಂದ ಮರುದಿನವೇ ಮತ್ತೆ ಶುರು. ಈಗ ವಾರಂಟಿಯೂ ಮುಗಿಯಿತು. ಕರೆಂಟಿನ ತೊಂದರೆ ಇರಲಿಕ್ಕಿಲ್ಲ, ಮನೆಯಲ್ಲಿ ಇನ್ವರ್ಟರ್ ಉಂಟು. ಮಗಳು ಬೆಳಿಗ್ಗೆ ಸಿಇಟಿ ಮಾಕ್ ಟೆಸ್ಟ್ ಬರೆಯುವುದು ಇದರಲ್ಲೇ. ಹೊಸದು ತೆಗೆಯುವ ಹಾಗಿಲ್ಲ. ಯಾರಾದರೂ ದಾರಿ ಹೇಳಿ.

ಮಣಿಪಾಲ ಹಾಸ್ಟೆಲ್ · ಏಪ್ರಿಲ್ 4, ರಾತ್ರಿ 10.15

ಅಕ್ಕ, ಮೊದಲು ಬಿಸಿ ನೋಡಿ. ಈ ಸೆಕೆಯಲ್ಲಿ ನಮ್ಮ ರೂಮಿನಲ್ಲೇ ಎರಡು ಕಂಪ್ಯೂಟರ್ ಹೀಗೆ ಆಗಿವೆ. ಹಳೇ ಮೆಷಿನ್‌ನಲ್ಲಿ ಪ್ರೊಸೆಸರ್ ಮೇಲೆ ಬಿಸಿ ದಾಟಿಸಲು ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಾಗೆ ಆಗಿರುತ್ತದೆ. ಎಚ್‌ಡಬ್ಲ್ಯುಮಾನಿಟರ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಉಂಟು, ಅದನ್ನು ಹಾಕಿ ಕೆಲಸ ಮಾಡುವಾಗ ಎಷ್ಟು ಡಿಗ್ರಿ ತೋರಿಸುತ್ತದೆ ನೋಡಿ. ಆ ಪ್ರೊಸೆಸರ್ 100 ಡಿಗ್ರಿ ಹತ್ತಿರ ಹೋದರೆ ತಾನೇ ವೇಗ ಇಳಿಸುತ್ತದೆ. ಅದಕ್ಕೂ ಮೇಲೆ ಹೋದರೆ ಆಫ್.

ಕುಂದಾಪುರ ಪೇಟೆ · ಏಪ್ರಿಲ್ 5, ಬೆಳಿಗ್ಗೆ 7.05

ನನಗೂ ಹೋದ ವರ್ಷ ಇದೇ ಗೋಳು. ಕೊನೆಗೆ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ), ರ‍್ಯಾಮ್, ಹಾರ್ಡ್ ಡಿಸ್ಕ್ ಮೂರನ್ನೂ ಒಟ್ಟಿಗೆ ಬದಲು ಮಾಡಿಸಿದೆ. ಸರಿಯಾಯಿತು. ₹6,000 ಹತ್ತಿರ ಖರ್ಚು ಬಂತು. ಯಾವುದರಿಂದ ಸರಿಯಾಯಿತು ಅಂತ ಇವತ್ತಿಗೂ ಗೊತ್ತಿಲ್ಲ.

ಬಿಜೈ ರಿಪೇರಿ · ಏಪ್ರಿಲ್ 5, ಬೆಳಿಗ್ಗೆ 8.30

ಕುಂದಾಪುರದವರೇ, ನೀವು ಖರ್ಚು ಮಾಡಿದ್ದರಲ್ಲಿ ಅರ್ಧ ಉಳಿಯಬಹುದಿತ್ತು. ಅಕ್ಕ, ನೀವು ಸದ್ಯಕ್ಕೆ ಒಂದು ರೂಪಾಯಿಯ ಸಾಮಾನು ಕೂಡ ತರಬೇಡಿ.

ನಾನು 18 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನೀವು ಬರೆದದ್ದರಲ್ಲಿ ಎರಡು ಮಾತು ನನಗೆ ಮುಖ್ಯ ಅನಿಸಿತು. ಒಂದು, ಅಂಗಡಿಯಲ್ಲಿ ನಿಲ್ಲುವುದಿಲ್ಲ, ಮನೆಯಲ್ಲಿ ನಿಲ್ಲುತ್ತದೆ. ಇನ್ನೊಂದು, ಒಮ್ಮೆ ನೀಲಿ ಪರದೆ, ಒಮ್ಮೆ ಬರೀ ಕಪ್ಪು. ಇವೆರಡು ಒಂದೇ ಕಾಯಿಲೆ ಅಂತ ಈಗಲೇ ತೀರ್ಮಾನ ಮಾಡಬೇಡಿ. ಜ್ವರ ಬಂದವನಿಗೆ ಕಾಲು ಉಳುಕಬಾರದು ಅಂತ ಇಲ್ಲವಲ್ಲ.

ಒಂದು ವಾರ ಮೂರು ಕೆಲಸ ಮಾಡಿ.

ಕಂಪ್ಯೂಟರ್ ಪಕ್ಕದಲ್ಲಿ ಒಂದು ಹಳೇ ನೋಟ್‌ಬುಕ್ ಇಡಿ. ಪ್ರತಿ ಸಲ ನಿಂತಾಗ ಗಂಟೆ, ನಿಮಿಷ ಬರೆಯಿರಿ. ನೀಲಿಯೋ ಕಪ್ಪೋ ಬರೆಯಿರಿ. ಆಗ ಎಂತ ಮಾಡುತ್ತಿದ್ದಿರಿ, ಮನೆಯಲ್ಲಿ ಬೇರೆ ಏನು ಓಡುತ್ತಿತ್ತು, ಅದನ್ನೂ ಬರೆಯಿರಿ. ಮಿಕ್ಸಿ, ಗ್ರೈಂಡರ್, ಇಸ್ತ್ರಿ ಪೆಟ್ಟಿಗೆ, ಎಲ್ಲ.

ಎರಡನೆಯದು, ವಿಂಡೋಸ್‌ನಲ್ಲಿ ಅಡ್ವಾನ್ಸ್ಡ್ ಸಿಸ್ಟಮ್ ಸೆಟಿಂಗ್ಸ್ ತೆರೆದು, ಸ್ಟಾರ್ಟಪ್ ಅಂಡ್ ರಿಕವರಿ ಒಳಗೆ ಆಟೋಮ್ಯಾಟಿಕಲಿ ರೀಸ್ಟಾರ್ಟ್ ಅಂತ ಇರುವ ಟಿಕ್ ತೆಗೆಯಿರಿ. ಆಗ ನೀಲಿ ಪರದೆ ಬಂದರೆ ಅಲ್ಲೇ ನಿಲ್ಲುತ್ತದೆ. ಫೋಟೋ ತೆಗೆಯಬಹುದು.

ಮೂರನೆಯದು, ಈವೆಂಟ್ ವ್ಯೂವರ್. ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಅಲ್ಲಿ ಕರ್ನಲ್ ಪವರ್, ಐಡಿ 41 ಅಂತ ಕೆಂಪು ಗುರುತಿನ ಸಾಲುಗಳು ಇರುತ್ತವೆ. ಸರಿಯಾಗಿ ಶಟ್‌ಡೌನ್ ಆಗದೆ ಮೆಷಿನ್ ಮತ್ತೆ ಆನ್ ಆದರೆ ಆ ಸಾಲು ಬೀಳುತ್ತದೆ. ತುಂಬಾ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ನೀವು ಡೀಟೇಲ್ಸ್ ಒತ್ತಿ ಬಗ್‌ಚೆಕ್ ಕೋಡ್ ಎಷ್ಟು ಅಂತ ನೋಡಿ. ಅದು 0 ಆದರೆ ವಿಂಡೋಸ್‌ಗೆ ತಾನು ಸತ್ತದ್ದೇ ಗೊತ್ತಿಲ್ಲ, ಕಾಲ ಕೆಳಗಿನ ನೆಲವೇ ಹೋಗಿದೆ ಅಂತ ಅರ್ಥ. ಹೆಚ್ಚಾಗಿ ಕರೆಂಟ್ ಅಥವಾ ಎಸ್‌ಎಂಪಿಎಸ್. 0 ಅಲ್ಲದೆ ಬೇರೆ ಸಂಖ್ಯೆ ಇದ್ದರೆ ನೀಲಿ ಪರದೆಯ ಕೋಡ್ ಅದು. ಆ ಸಂಖ್ಯೆ ನನಗೆ ಬೇಕು.

ಶಾಂಭವಿ ಹೊಳೆಬದಿ · ಏಪ್ರಿಲ್ 5, ಮಧ್ಯಾಹ್ನ 2.20

ತುಂಬಾ ಉಪಕಾರ ಅಣ್ಣ. ನೋಟ್‌ಬುಕ್ ಇಟ್ಟಿದ್ದೇನೆ, ಟಿಕ್ ತೆಗೆದೆ. ಮಣಿಪಾಲದವರು ಹೇಳಿದ್ದನ್ನೂ ನೋಡಿದೆ. ಸುಮ್ನೆ ಇರುವಾಗ 46 ಡಿಗ್ರಿ, ಕೋರೆಲ್‌ಡ್ರಾ ತೆರೆದು ಕೆಲಸ ಮಾಡುವಾಗ 61ರಿಂದ 68. ಒಂದು ಗಂಟೆ ನೋಡಿದೆ, 70 ದಾಟಲಿಲ್ಲ.

ಇನ್ನೊಂದು ವಿಷಯ ಮರೆತಿದ್ದೆ. ಬರಿಗಾಲಿನಲ್ಲಿ ನಿಂತು ಕ್ಯಾಬಿನೆಟ್ ಹಿಂಭಾಗ ಮುಟ್ಟಿದರೆ ಸಣ್ಣಗೆ ಜುಮ್ ಅನ್ನುತ್ತದೆ. ಇದು ಮಾಮೂಲಾ?

ಮಣಿಪಾಲ ಹಾಸ್ಟೆಲ್ · ಏಪ್ರಿಲ್ 5, ಮಧ್ಯಾಹ್ನ 2.45

ಹಾಗಾದರೆ ಬಿಸಿ ಕಾರಣ ಅಲ್ಲ ಅಕ್ಕ. 70 ಅಂದರೆ ಏನೂ ಅಲ್ಲ.

ಕಾಪು ವಯರಿಂಗ್ · ಏಪ್ರಿಲ್ 5, ಸಂಜೆ 6.50

ಜುಮ್ ಅನ್ನುವುದು ಮಾಮೂಲು ಅಲ್ಲ. ಮಾಮೂಲು ಅಂತ ಎಲ್ಲರೂ ಬಿಟ್ಟುಬಿಟ್ಟಿದ್ದಾರೆ, ಅಷ್ಟೇ. ನಾನು ಎಲೆಕ್ಟ್ರಿಷಿಯನ್, ಕಾಪು ಕಟಪಾಡಿ ಕಡೆ ಕೆಲಸ ಮಾಡುತ್ತೇನೆ.

ಎಸ್‌ಎಂಪಿಎಸ್ ಒಳಗೆ ಫಿಲ್ಟರಿಗೆ ಅಂತ ಎರಡು ಸಣ್ಣ ಕೆಪಾಸಿಟರ್ ಇರುತ್ತವೆ. ಒಂದು ಫೇಸ್‌ನಿಂದ ಕ್ಯಾಬಿನೆಟ್‌ಗೆ, ಒಂದು ನ್ಯೂಟ್ರಲ್‌ನಿಂದ ಕ್ಯಾಬಿನೆಟ್‌ಗೆ. ಅರ್ಥಿಂಗ್ ಸರಿ ಇದ್ದರೆ ಅದರ ಮೂಲಕ ಬರುವ ಚೂರು ಕರೆಂಟ್ ನೆಲಕ್ಕೆ ಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ ನಡುವಿನಲ್ಲಿ ನೇತಾಡುತ್ತದೆ, ಸುಮಾರು 110-115 ವೋಲ್ಟ್‌ನಲ್ಲಿ. ಕರೆಂಟ್ ತುಂಬಾ ಕಡಿಮೆ, ಹಾಗಾಗಿ ಬರೀ ಜುಮ್. ಆದರೆ ಅದು ನಿಮಗೆ ಹೇಳುತ್ತಿರುವುದು ಒಂದೇ: ಈ ಸಾಕೆಟ್‌ಗೆ ಅರ್ಥಿಂಗ್ ಇಲ್ಲ. ನಾಳೆ ಬೇರೆ ಏನಾದರೂ ಒಳಗೆ ಶಾರ್ಟ್ ಆದರೆ ಆಗ ಜುಮ್ ಅನ್ನುವುದಿಲ್ಲ, ಎಳೆದು ಹಾಕುತ್ತದೆ.

ನಮ್ಮ ಕಡೆ ಮುರಕಲ್ಲಿನ ನೆಲ. ಏಪ್ರಿಲ್ ಮೇ ತಿಂಗಳಲ್ಲಿ ಅರ್ಥಿಂಗ್ ಗುಂಡಿ ಪೂರ್ತಿ ಒಣಗಿರುತ್ತದೆ. ಗುಂಡಿ ಎಲ್ಲಿದೆ ನೋಡಿ, ವಾರಕ್ಕೆ ಎರಡು ಸಲ ಕೊಡಪಾನ ನೀರು ಹಾಕಿ. ಆದರೆ ಮೊದಲು ಸಾಕೆಟ್‌ನ ಮೂರನೇ ತೂತಿಗೆ ವಯರ್ ಬಂದಿದೆಯಾ ಅಂತ ಊರಿನ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಎಷ್ಟೋ ಮನೆಯಲ್ಲಿ ತೂತು ಮಾತ್ರ ಇರುತ್ತದೆ.

ಶಾಂಭವಿ ಹೊಳೆಬದಿ · ಏಪ್ರಿಲ್ 13, ರಾತ್ರಿ 8.55

ಒಂದು ವಾರದ ಪಟ್ಟಿ ತಂದಿದ್ದೇನೆ.

ಒಟ್ಟು 11 ಸಲ ನಿಂತಿದೆ. ಅದರಲ್ಲಿ 7 ಸಲ ಬರೀ ಕಪ್ಪು, 4 ಸಲ ನೀಲಿ. ಈವೆಂಟ್ ವ್ಯೂವರ್‌ನಲ್ಲಿ ಸರಿಯಾಗಿ 11 ಕಡೆ 41 ಉಂಟು. ಕಪ್ಪಾದ ಏಳಕ್ಕೂ ಬಗ್‌ಚೆಕ್ ಕೋಡ್ 0. ನೀಲಿಯ ನಾಲ್ಕರಲ್ಲಿ ಮೂರು ಸಲ 26, ಒಂದು ಸಲ 80.

ಆಮೇಲೆ ಇದನ್ನು ಓದಿ. ಕಪ್ಪಾದ ಹೊತ್ತುಗಳು: ಬೆಳಿಗ್ಗೆ 6.32, ಸಂಜೆ 5.41, ಬೆಳಿಗ್ಗೆ 6.30, ಬೆಳಿಗ್ಗೆ 6.47, ಸಂಜೆ 5.38, ಸಂಜೆ 5.55, ಬೆಳಿಗ್ಗೆ 6.35. ನನಗೆ ಬರೆಯುವಾಗ ಏನೂ ಹೊಳೆಯಲಿಲ್ಲ. ನಿನ್ನೆ ಮಗಳು ನೋಟ್‌ಬುಕ್ ನೋಡಿ, ‘ಅಮ್ಮ, ಇದು ಅಪ್ಪ ಪಂಪ್ ಹಾಕುವ ಹೊತ್ತಲ್ವಾ’ ಅಂದಳು. ಹೌದು. ಬಾವಿಯ ಪಂಪ್. ಈಗ ತೆಂಗಿಗೆ, ಅಡಿಕೆಗೆ ಎರಡು ಹೊತ್ತು ನೀರು ಬಿಡುವ ಸಮಯ. ಮಾರ್ಚ್ ಮೊದಲ ವಾರದಿಂದ ಎರಡು ಹೊತ್ತು ಶುರು ಮಾಡಿದ್ದು. ಕಂಪ್ಯೂಟರ್ ಕೆಟ್ಟದ್ದೂ ಆಗಲೇ.

ನೀಲಿ ಪರದೆಗೆ ಮಾತ್ರ ಹೊತ್ತು ಗೊತ್ತು ಇಲ್ಲ. ಮಧ್ಯಾಹ್ನ, ರಾತ್ರಿ, ಯಾವಾಗ ಬೇಕಾದರೂ. ಆದರೆ ನಾಲ್ಕು ಸಲವೂ ದೊಡ್ಡ ಫೋಟೋ ಇರುವ ಫೈಲ್ ತೆರೆದಿದ್ದೆ.

ಬಿಜೈ ರಿಪೇರಿ · ಏಪ್ರಿಲ್ 13, ರಾತ್ರಿ 9.30

ಅಕ್ಕ, ಇಷ್ಟು ಸರಿಯಾಗಿ ಬರೆದು ತಂದ ಗಿರಾಕಿ ನನಗೆ ಇಷ್ಟು ವರ್ಷದಲ್ಲಿ ಸಿಕ್ಕಿಲ್ಲ. ಮಗಳಿಗೂ ನನ್ನ ಶಹಬ್ಬಾಸ್ ಹೇಳಿ.

ಕಾಯಿಲೆ ಎರಡು. ಕಪ್ಪು ಒಂದು, ನೀಲಿ ಒಂದು. 26 ಅಂದರೆ ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ನೀಲಿ ಪರದೆಯಲ್ಲಿ ಬರುತ್ತದೆ, ನಿಮ್ಮ ಫೋಟೋದಲ್ಲಿ ಅದೇ ಇರಬೇಕು. 80 ಕೂಡ ಮೆಮೊರಿಯ, ಅಂದರೆ ರ‍್ಯಾಮ್‌ನ ಕಡೆಗೇ ಬೆರಳು ತೋರಿಸುತ್ತದೆ. ಚಿಕ್ಕ ಫೈಲ್‌ಗೆ ರ‍್ಯಾಮ್‌ನ ಸ್ವಲ್ಪ ಜಾಗ ಸಾಕು. ದೊಡ್ಡ ಫೋಟೋ ತೆರೆದಾಗ ಕೆಟ್ಟ ಜಾಗದ ತನಕ ಹೋಗುತ್ತದೆ, ಅಲ್ಲಿ ಬೀಳುತ್ತದೆ. ಅಂಗಡಿಯಲ್ಲಿ ಬರೀ ಆನ್ ಮಾಡಿ ಇಟ್ಟರೆ ಗೊತ್ತಾಗುವುದೇ ಇಲ್ಲ.

ನೀವು ಹೊಳೆಬದಿಯವರು, ಉಪ್ಪು ಗಾಳಿ. ರ‍್ಯಾಮ್‌ನ ಕಾಲುಗಳು, ಅಂದರೆ ಸ್ಲಾಟ್‌ಗೆ ಕೂರುವ ಲೋಹದ ಪಟ್ಟಿಗಳು, ಮಾಸಿರಬಹುದು ಅಂತ ನನ್ನ ಅಂದಾಜು. ಆದರೆ ಮೊದಲು ಕಪ್ಪಿನದ್ದು ಮುಗಿಸುವ. ಎರಡನ್ನೂ ಒಟ್ಟಿಗೆ ಮುಟ್ಟಿದರೆ ಯಾವುದು ಯಾವುದರಿಂದ ಹೋಯಿತು ಅಂತ ತಿಳಿಯುವುದಿಲ್ಲ. ಕಾಪುವಿನವರೇ, ಪಂಪಿನ ವಿಷಯ ನಿಮ್ಮದು.

ಕಾಪು ವಯರಿಂಗ್ · ಏಪ್ರಿಲ್ 14, ಬೆಳಿಗ್ಗೆ 6.10

ಪಂಪ್ ಎಷ್ಟು ಎಚ್‌ಪಿ? 1 ಎಚ್‌ಪಿ ಸಿಂಗಲ್ ಫೇಸ್ ಅಂತ ಇಟ್ಟುಕೊಳ್ಳುವ. ಓಡುವಾಗ ಆರೇಳು ಆಂಪಿಯರ್ ಎಳೆಯುವ ಮೋಟಾರ್, ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಆ ಒಂದು ಕ್ಷಣ ಮನೆಯ ವೋಲ್ಟೇಜ್ ಕೆಳಗೆ ಬೀಳುತ್ತದೆ. ದೀಪ ಒಮ್ಮೆ ಮಂಕಾಗುವುದು ನೋಡಿದ್ದೀರಿ ಅಲ್ವಾ, ಅದೇ.

ಇನ್ವರ್ಟರ್ ಉಂಟು ಅಂದಿರಿ. ಅದರ ಹಿಂದುಗಡೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ಇಕೋ ಅಥವಾ ನಾರ್ಮಲ್ ಅಂತ. ಅದು ಎಲ್ಲಿದೆ ನೋಡಿ. ಇಕೋದಲ್ಲಿ ಇದ್ದರೆ ವೋಲ್ಟೇಜ್ ತುಂಬಾ ಕೆಳಗೆ ಹೋದರೂ ಇನ್ವರ್ಟರ್ ಸುಮ್ಮನಿರುತ್ತದೆ, ಬಂದದ್ದನ್ನು ಹಾಗೇ ದಾಟಿಸುತ್ತದೆ. ಫ್ಯಾನಿಗೆ, ದೀಪಕ್ಕೆ ಅದು ಸಾಕು. ಕಂಪ್ಯೂಟರಿಗೆ ಸಾಲದು. ಯುಪಿಎಸ್ ಕಡೆ ಇದ್ದರೆ ಸಾಧಾರಣ 180 ವೋಲ್ಟ್‌ಗಿಂತ ಕೆಳಗೆ ಬಿದ್ದ ಕೂಡಲೇ ಬ್ಯಾಟರಿಗೆ ಹೋಗುತ್ತದೆ, ಅದೂ ಬೇಗ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಕರೆಂಟಿನ ತೊಂದರೆ ಇಲ್ಲ ಅಂತ ಎಲ್ಲರೂ ನಂಬಿದ್ದಾರೆ. ಆ ಸ್ವಿಚ್ ಯಾರೂ ನೋಡುವುದಿಲ್ಲ.

ನಿಮ್ಮ ಎಲೆಕ್ಟ್ರಿಷಿಯನ್ ಬಂದಾಗ ಕಂಪ್ಯೂಟರಿನ ಪಕ್ಕದ ಸಾಕೆಟ್‌ಗೆ ಮಲ್ಟಿಮೀಟರ್ ಹಾಕಿ ನಿಲ್ಲಲಿ. ಮನೆಯವರು ಪಂಪ್ ಹಾಕಲಿ. ಎಷ್ಟಿದ್ದದ್ದು ಎಷ್ಟಕ್ಕೆ ಇಳಿಯಿತು, ಆಮೇಲೆ ಎಷ್ಟಕ್ಕೆ ನಿಂತಿತು, ಮೂರೂ ಬರೆಯಿರಿ.

ಶಾಂಭವಿ ಹೊಳೆಬದಿ · ಏಪ್ರಿಲ್ 16, ಸಂಜೆ 7.30

ಪಂಪ್ 1 ಎಚ್‌ಪಿಯೇ. ಸ್ವಿಚ್ ಇಕೋದಲ್ಲಿತ್ತು. ಇಟ್ಟವರು ಹಾಗೇ ಇಟ್ಟು ಹೋಗಿದ್ದರು, ನಾವು ನಾಲ್ಕು ವರ್ಷ ಮುಟ್ಟಿಲ್ಲ.

ಮೀಟರ್: ಪಂಪ್ ಹಾಕುವ ಮೊದಲು 214. ಹಾಕಿದ ಕ್ಷಣ 168. ಆಮೇಲೆ 202ಕ್ಕೆ ಬಂದು ನಿಂತಿತು. ಮೂರು ಸಲ ಮಾಡಿ ನೋಡಿದೆವು, ಎರಡು ಮೂರು ವೋಲ್ಟ್ ಆಚೀಚೆ ಅಷ್ಟೇ. ಮೂರನೇ ಸಲ ನಮ್ಮ ಕಣ್ಣೆದುರೇ ಕಂಪ್ಯೂಟರ್ ಟಪ್ ಅಂತ ಹೋಯಿತು. ಎಲೆಕ್ಟ್ರಿಷಿಯನ್ ಹುಡುಗ ಕೈಯಲ್ಲಿ ಮೀಟರ್ ಹಿಡಿದು ಹಾಗೇ ನಿಂತ.

ಅರ್ಥಿಂಗ್ ನೀವು ಹೇಳಿದ ಹಾಗೇ. ತೂತು ಉಂಟು, ವಯರ್ ಇಲ್ಲ. ಎಳೆಸಿದೆವು. ಈಗ ಜುಮ್ ಇಲ್ಲ.

ಸ್ವಿಚ್ ಯುಪಿಎಸ್ ಕಡೆ ಹಾಕಿದೆ. ಆದರೂ ನಿನ್ನೆ ಸಂಜೆ ಒಮ್ಮೆ, ಇವತ್ತು ಬೆಳಿಗ್ಗೆ ಒಮ್ಮೆ ಪಂಪ್ ಹಾಕುವಾಗ ಹೋಯಿತು. ಎರಡೂ 0.

ಕಾಪು ವಯರಿಂಗ್ · ಏಪ್ರಿಲ್ 16, ರಾತ್ರಿ 8.05

ಈ ಮೂರು ಸಂಖ್ಯೆ ನೋಡಿ ನನಗೆ ಕಂಪ್ಯೂಟರಿಗಿಂತ ನಿಮ್ಮ ಮನೆಯ ಬಗ್ಗೆ ಹೆದರಿಕೆ ಆಯಿತು.

1 ಎಚ್‌ಪಿ ಪಂಪ್ ಬರೀ ಓಡುವುದಕ್ಕೆ 12 ವೋಲ್ಟ್ ಇಳಿಯಬಾರದು. ಶುರುವಿನಲ್ಲಿ 46 ಇಳಿಯಿತು ಅಂದರೆ ಜಾಸ್ತಿಯಾಯಿತು. ಮಲ್ಟಿಮೀಟರ್ ನಿಧಾನ, ನಿಜವಾದ ಇಳಿತ ಅದಕ್ಕಿಂತಲೂ ಜಾಸ್ತಿ ಇರುತ್ತದೆ. ದಾರಿಯಲ್ಲಿ ಎಲ್ಲೋ ಕರೆಂಟಿಗೆ ತಡೆ ಉಂಟು. ಒಂದೋ ಕಂಬದಿಂದ ಬರುವ ವಯರ್ ತುಂಬಾ ಉದ್ದ ಮತ್ತು ತೆಳು. ಇಲ್ಲದಿದ್ದರೆ ಎಲ್ಲೋ ಲೂಸ್ ಕಾಂಟ್ಯಾಕ್ಟ್. ಹೆಚ್ಚಾಗಿ ನ್ಯೂಟ್ರಲ್.

ಲೂಸ್ ಇದ್ದ ಜಾಗದಲ್ಲಿ ಕರೆಂಟ್ ಬಿಸಿಯಾಗಿ ಹೋಗುತ್ತದೆ. ವಯರಿನ ಸಿಪ್ಪೆ ಕರಗುತ್ತದೆ. ಬೆಂಕಿ ಹಿಡಿಯುವುದೂ ಅಲ್ಲಿಂದಲೇ. ಮೂರು ಫೇಸ್ ಇರುವ ಮನೆಯವರು ಇನ್ನೂ ಜಾಗ್ರತೆ ಮಾಡಬೇಕು. ಅಲ್ಲಿ ನ್ಯೂಟ್ರಲ್ ಕಡಿದರೆ ಕೆಲವು ಸಾಕೆಟ್‌ಗೆ 230ರ ಬದಲು 300 ದಾಟಿ ಬರಬಹುದು. ಟಿವಿ, ಫ್ರಿಜ್ ಎಲ್ಲ ಒಟ್ಟಿಗೆ ಸುಡುತ್ತದೆ.

ನಾಳೆಯೇ ಮೈನ್ ಆಫ್ ಮಾಡಿಸಿ, ಮೈನ್ ಸ್ವಿಚ್ಚಿನಿಂದ ಪ್ರತಿ ಸ್ಕ್ರೂ ನೋಡಿಸಿ. ನೀವೇ ಮಾಡಬೇಡಿ. ಮೀಟರಿಗಿಂತ ಆಚೆ ಇರುವುದು ಲೈನ್‌ಮನ್ ಕೆಲಸ, ಅದಕ್ಕೆ ದೂರು ಕೊಡಿ.

ಶಾಂಭವಿ ಹೊಳೆಬದಿ · ಏಪ್ರಿಲ್ 18, ಮಧ್ಯಾಹ್ನ 1.15

ಸಿಕ್ಕಿತು. ಮೈನ್ ಸ್ವಿಚ್ಚಿನ ನ್ಯೂಟ್ರಲ್ ಸ್ಕ್ರೂ. ಹುಡುಗ ಸ್ಕ್ರೂಡ್ರೈವರ್ ಇಟ್ಟರೆ ಒತ್ತದೆಯೇ ತಿರುಗಿತು. ವಯರಿನ ತುದಿ ಎರಡು ಇಂಚಿನಷ್ಟು ಕಪ್ಪಾಗಿ, ಸಿಪ್ಪೆ ಬೆಲ್ಲದ ಪಾಕದ ಹಾಗೆ ಕರಗಿ ಗಟ್ಟಿಯಾಗಿತ್ತು. ಒಳಗಿನ ಮರದ ಹಲಗೆಯೂ ಒಂದು ಕಡೆ ಸುಟ್ಟಿದೆ. ಅದರ ನೇರ ಕೆಳಗೆ ನಾವು ಒಣಗಿದ ತೆಂಗಿನ ಗರಿ, ಕೊತ್ತಳಿಗೆ ಇಡುವುದು. ನಾನು ಸ್ವಲ್ಪ ಹೊತ್ತು ಅಲ್ಲೇ ಜಗಲಿಯಲ್ಲಿ ಕೂತೆ.

ವಯರ್ ಕತ್ತರಿಸಿ, ಹೊಸ ಸ್ವಿಚ್ ಹಾಕಿ ಬಿಗಿ ಮಾಡಿದರು. ಈಗ ಪಂಪ್ ಹಾಕಿದರೆ 216ರಿಂದ 193, ನಿಂತದ್ದು 211ಕ್ಕೆ. ಕಾಪುವಿನ ಅಣ್ಣ, ನೀವು ಯಾರು ಅಂತ ಗೊತ್ತಿಲ್ಲ. ನಮ್ಮ ಮನೆಯವರು ನಿಮಗೆ ಕೈ ಮುಗಿದಿದ್ದಾರೆ ಅಂತ ಬರೆಯಲು ಹೇಳಿದರು.

ಕಾಪು ವಯರಿಂಗ್ · ಏಪ್ರಿಲ್ 18, ರಾತ್ರಿ 9.00

ಅಯ್ಯೋ, ಅದೆಲ್ಲ ಬೇಡ. ಗರಿ ಅಲ್ಲಿಂದ ತೆಗೆಯಿರಿ. ವರ್ಷಕ್ಕೊಮ್ಮೆ, ಮಳೆಗಾಲ ಶುರುವಾಗುವ ಮೊದಲು, ಸ್ಕ್ರೂಗಳನ್ನು ಬಿಗಿ ಮಾಡಿಸಿ. ಇಲ್ಲಿ ಓದುವವರೆಲ್ಲ ಮಾಡಿಸಿ.

ಶಾಂಭವಿ ಹೊಳೆಬದಿ · ಏಪ್ರಿಲ್ 24, ರಾತ್ರಿ 10.05

ಆರು ದಿನದಲ್ಲಿ ಕಪ್ಪಾದದ್ದು ಒಮ್ಮೆ ಮಾತ್ರ, ಪಂಪ್ ಹಾಕುವಾಗಲೇ. ಮೊದಲಿಗಿಂತ ಎಷ್ಟೋ ಮೇಲು. ಆದರೆ ಪೂರ್ತಿ ಹೋಗಿಲ್ಲ ಅಲ್ವಾ? ನೀಲಿ ಪರದೆ ಮೂರು ಸಲ ಬಂದಿದೆ, ಅದು ಹಾಗೇ ಉಂಟು.

ಬಿಜೈ ರಿಪೇರಿ · ಏಪ್ರಿಲ್ 25, ಬೆಳಿಗ್ಗೆ 8.10

193 ವೋಲ್ಟ್‌ಗೆ ಒಳ್ಳೇ ಎಸ್‌ಎಂಪಿಎಸ್ ಬೀಳಬಾರದು. ಅದರೊಳಗೆ ಒಂದು ದೊಡ್ಡ ಕೆಪಾಸಿಟರ್ ಇರುತ್ತದೆ, ನಮ್ಮ ಟ್ಯಾಂಕಿನ ಹಾಗೆ. ಕರೆಂಟ್ ಪೂರ್ತಿ ಹೋದರೂ ಸುಮಾರು 16 ಮಿಲಿಸೆಕೆಂಡ್ ಅದರಲ್ಲಿ ಇರುವುದರಿಂದಲೇ ಮೆಷಿನ್ ನಡೆಯಬೇಕು. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತು 20 ಮಿಲಿಸೆಕೆಂಡ್, ಹಾಗಾಗಿ ಅದು ಹತ್ತಿರ ಹತ್ತಿರ ಒಂದು ಸುತ್ತಿನಷ್ಟು. ಇನ್ವರ್ಟರ್ ಬ್ಯಾಟರಿಗೆ ಹೋಗುವ ಆ ಚೂರು ಹೊತ್ತನ್ನು ದಾಟಿಸುವುದೂ ಇದೇ ಟ್ಯಾಂಕ್. ನಾಲ್ಕನೇ ಜನರೇಷನ್ ಪ್ರೊಸೆಸರ್ ಬಂದದ್ದು 2013ರಲ್ಲಿ. ಅಷ್ಟು ಹಳೇ ಕೆಪಾಸಿಟರ್ ಬಿಸಿಗೆ ಒಣಗಿ, ಟ್ಯಾಂಕಿನಲ್ಲಿ ಅರ್ಧವೂ ನೀರು ಹಿಡಿಯುವುದಿಲ್ಲ.

ಎಸ್‌ಎಂಪಿಎಸ್ ಬಿಚ್ಚಬೇಡಿ. ವಯರ್ ತೆಗೆದ ಮೇಲೂ ಆ ಕೆಪಾಸಿಟರಿನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು. ಬದಲು ಮಾಡುವುದೊಂದೇ ದಾರಿ. ಒಂದು ಎಚ್ಚರಿಕೆ: ಬ್ರಾಂಡೆಡ್ ಆಫೀಸ್ ಮೆಷಿನ್‌ಗಳಲ್ಲಿ ಎಷ್ಟೋ ಸಲ ಮಾಮೂಲಿ 24 ಪಿನ್ ಕನೆಕ್ಟರ್ ಇರುವುದಿಲ್ಲ, ಅವರದ್ದೇ ಬೇರೆ ಇರುತ್ತದೆ. ಅಂಗಡಿಯಲ್ಲಿ ಸುಮ್ನೆ ಎಸ್‌ಎಂಪಿಎಸ್ ಕೊಡಿ ಅಂದರೆ ಕೂರದೇ ಹೋಗಬಹುದು. ಕ್ಯಾಬಿನೆಟ್ ತೆರೆದು ಕನೆಕ್ಟರಿನ ಫೋಟೋ ತೆಗೆದುಕೊಂಡು ಹೋಗಿ, ಅದಕ್ಕೆ ಹೊಂದುವ ಕನ್ವರ್ಟರ್ ಕೇಬಲ್ ಸಿಗುತ್ತದೆ.

ರ‍್ಯಾಮ್‌ಗೆ ಮೆಮ್‌ಟೆಸ್ಟ್86 ಪ್ಲಸ್ ಅಂತ ಪುಕ್ಕಟೆ ಉಂಟು. ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಿ. ರಾತ್ರಿ ಮಲಗುವಾಗ ಹಾಕಿ ಬಿಡಿ. ಒಂದೇ ಒಂದು ಕೆಂಪು ಸಾಲು ಬಂದರೂ ರ‍್ಯಾಮ್ ಕೆಟ್ಟಿದೆ ಅಂತಲೇ ಲೆಕ್ಕ, ಸ್ವಲ್ಪ ಕೆಟ್ಟಿದೆ ಅಂತ ಇಲ್ಲ. ಬಂದರೆ ಒಂದೊಂದೇ ರ‍್ಯಾಮ್ ಕಡ್ಡಿ ಹಾಕಿ, ಒಂದೇ ಸ್ಲಾಟ್‌ನಲ್ಲಿ. ತೆಗೆಯುವ ಮೊದಲು ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ, ಕ್ಯಾಬಿನೆಟ್‌ನ ಕಬ್ಬಿಣ ಒಮ್ಮೆ ಮುಟ್ಟಿ.

ಸುರತ್ಕಲ್ ಕಡಲು · ಏಪ್ರಿಲ್ 25, ಬೆಳಿಗ್ಗೆ 11.20

ಓದುತ್ತಾ ಇದ್ದೇನೆ, ತುಂಬಾ ಉಪಯೋಗ ಆಯಿತು. ರ‍್ಯಾಮ್‌ನ ಕಾಲು ಉಜ್ಜಲು ಪೆಟ್ರೋಲ್ ಆಗುತ್ತದಾ?

ಬಿಜೈ ರಿಪೇರಿ · ಏಪ್ರಿಲ್ 25, ಬೆಳಿಗ್ಗೆ 11.35

ಬೇಡವೇ ಬೇಡ. ಮಕ್ಕಳ ಮೆತ್ತನೆಯ ಬಿಳಿ ರಬ್ಬರ್ ಸಾಕು. ನಿಧಾನ ಉಜ್ಜಿ, ಪುಡಿಯನ್ನು ಬ್ರಷ್‌ನಲ್ಲಿ ತೆಗೆಯಿರಿ. ಐಸೋಪ್ರೊಪೈಲ್ ಆಲ್ಕೊಹಾಲ್ ಇದ್ದರೆ ಹತ್ತಿಯಲ್ಲಿ ಒರೆಸಿ ಒಣಗಲು ಬಿಡಿ.

ಶಾಂಭವಿ ಹೊಳೆಬದಿ · ಮೇ 3, ರಾತ್ರಿ 9.20

ಸಿಇಟಿ ಗಡಿಬಿಡಿಯಲ್ಲಿ ತಡವಾಯಿತು, ಕ್ಷಮಿಸಿ.

ಮೊದಲು ರ‍್ಯಾಮ್. ಎರಡೂ ಕಡ್ಡಿ ಹಾಕಿ ಟೆಸ್ಟ್ ಮಾಡಿದಾಗ 40 ನಿಮಿಷಕ್ಕೆ ಕೆಂಪು ಸಾಲು ಬಂತು. ಒಂದು ಕಡ್ಡಿಗೆ ಬಿಳಿ ಸ್ಟಿಕರ್, ಇನ್ನೊಂದಕ್ಕೆ ಹಸಿರು. ಬಿಳಿಯದ್ದು ಒಂದೇ ಹಾಕಿ ರಾತ್ರಿಯಿಡೀ ಬಿಟ್ಟೆ, ಒಂದೂ ತಪ್ಪು ಇಲ್ಲ. ಅದೇ ಸ್ಲಾಟ್‌ಗೆ ಹಸಿರು ಹಾಕಿದೆ, ಕೆಂಪು. ಅದರ ಕಾಲುಗಳು ನಿಜವಾಗಿ ಮಾಸಿದ್ದವು, ಹಳೇ ಹಿತ್ತಾಳೆಯ ಹಾಗೆ. ಮಗಳ ರಬ್ಬರಿನಲ್ಲಿ ಉಜ್ಜಿ ಮಿಂಚಿಸಿದೆ. ಮತ್ತೆ ಟೆಸ್ಟ್. ಮೊದಲ ಸುತ್ತು ಪಾಸ್! ತುಂಬಾ ಖುಷಿಯಾಯಿತು. ಎರಡನೇ ಸುತ್ತಿನಲ್ಲಿ ಮತ್ತೆ ಕೆಂಪು. ಉಜ್ಜುವ ಮೊದಲು ತೆಗೆದ ಫೋಟೋ ಪಕ್ಕ ಇಟ್ಟು ನೋಡಿದೆ, ತಪ್ಪು ಬಂದ ವಿಳಾಸ ಅದೇ, ಕೊನೆಯ ಮೂರು ಅಂಕೆ ಬಿಟ್ಟು ಉಳಿದದ್ದೆಲ್ಲ ಒಂದೇ.

ಬಿಜೈ ರಿಪೇರಿ · ಮೇ 3, ರಾತ್ರಿ 9.50

ಹಾಗಾದರೆ ನನ್ನ ಅಂದಾಜು ತಪ್ಪು. ಕಾಲು ಮಾಸಿದ್ದರಿಂದ ಆದರೆ ತಪ್ಪುಗಳು ಕಂಡಕಂಡಲ್ಲಿ ಬರುತ್ತವೆ. ಉಜ್ಜಿದ ಮೇಲೂ ಅದೇ ಜಾಗ ಅಂದರೆ ಒಳಗಿನ ಚಿಪ್ಪೇ ಹೋಗಿದೆ. ಹಸಿರು ಕಡ್ಡಿ ತೆಗೆದಿಡಿ. ಉಪ್ಪು ಗಾಳಿ ಅಂತ ನಾನು ಮೊದಲೇ ತೀರ್ಮಾನ ಮಾಡಿ ಉಜ್ಜಿ ಕೊಟ್ಟಿದ್ದರೆ, ನಿಮಗೆ ಇನ್ನೂ ಎರಡು ತಿಂಗಳು ಕಷ್ಟ ಆಗುತ್ತಿತ್ತು. ಅದನ್ನು ಹೇಳಲೇಬೇಕು.

ಸದ್ಯಕ್ಕೆ 4 ಜಿಬಿಯಲ್ಲಿ ನಡೆಸಿ. ಡಿಡಿಆರ್3 ಹಳೇ ಕಡ್ಡಿ ಕಡಿಮೆಗೆ ಸಿಗುತ್ತದೆ. ತಂದ ದಿನವೇ ಮೆಮ್‌ಟೆಸ್ಟ್ ಮಾಡಿ, ಕೆಂಪು ಬಂದರೆ ಮರುದಿನವೇ ವಾಪಸ್ ಕೊಡಿ.

ಕುಂದಾಪುರ ಪೇಟೆ · ಮೇ 4, ಬೆಳಿಗ್ಗೆ 6.50

ನಾನೂ ನನ್ನ ಹಳೇ ರ‍್ಯಾಮ್ ಹುಡುಕಿ ಟೆಸ್ಟ್ ಮಾಡಿದೆ. ಎರಡು ಕಡ್ಡಿಯೂ ಸರಿ ಇವೆ! ಸುಮ್ನೆ ಬದಲು ಮಾಡಿಸಿದ್ದೆ. ಶಾಂಭವಿ ಅಕ್ಕ, ನನ್ನದೂ ಡಿಡಿಆರ್3, 4 ಜಿಬಿ. ಒಂದು ನಿಮಗೆ ಕಳಿಸುತ್ತೇನೆ. ದುಡ್ಡು ಬೇಡ. ಮುಲ್ಕಿ ಮೇಲೆ ಹೋಗುವ ಬಸ್ಸಿನಲ್ಲಿ ಕೊಟ್ಟು ಕಳಿಸಿದರೆ ಆಯಿತಲ್ಲ.

ಮಣಿಪಾಲ ಹಾಸ್ಟೆಲ್ · ಮೇ 4, ಬೆಳಿಗ್ಗೆ 9.15

ಅಕ್ಕ, ಇದು ಸರಿಯಾದ ಮೇಲೆ ಒಂದು ವಿಷಯ ಯೋಚಿಸಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿದೆ. ನಾಲ್ಕನೇ ಜನರೇಷನ್‌ಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ನಿಮ್ಮ ನುಡಿ, ಕೋರೆಲ್‌ಡ್ರಾ ವಿಂಡೋಸ್‌ನಲ್ಲೇ ಇರಲಿ, ಆದರೆ ಬ್ಯಾಂಕಿನ ಕೆಲಸ ಅದರಲ್ಲಿ ಮಾಡಬೇಡಿ. ಕೋರೆಲ್‌ಡ್ರಾದಲ್ಲಿ ಆಟೋ ಬ್ಯಾಕಪ್ 5 ನಿಮಿಷಕ್ಕೆ ಇಡಿ.

ಶಾಂಭವಿ ಹೊಳೆಬದಿ · ಮೇ 27, ರಾತ್ರಿ 8.40

ಪತ್ತನಾಜೆ (ನೇಮ, ಆಟಗಳ ಋತು ಮುಗಿಯುವ ದಿನ) ಮುಗಿಯಿತು, ಮೇಳದವರ ಕರಪತ್ರ, ನೇಮದ ಆಮಂತ್ರಣ ಎಲ್ಲ ಕೊಟ್ಟಾಯಿತು. ಈಗ ಬರೆಯಲು ಕೂತೆ.

ಕುಂದಾಪುರದ ಅಣ್ಣನ ರ‍್ಯಾಮ್ ಮೇ 7ಕ್ಕೆ ಬಂತು. ಬಸ್ಸಿನ ಕಂಡಕ್ಟರ್ ಕರೆದು ಕೈಗೇ ಕೊಟ್ಟರು. ರಾತ್ರಿ ಟೆಸ್ಟ್ ಮಾಡಿದೆ, ಒಂದೂ ತಪ್ಪು ಇಲ್ಲ. ಅವತ್ತಿನಿಂದ ನೀಲಿ ಪರದೆ ಒಮ್ಮೆಯೂ ಬಂದಿಲ್ಲ. ಎಸ್‌ಎಂಪಿಎಸ್ ಮೇ 12ಕ್ಕೆ ಹಾಕಿಸಿದೆ, ಕನ್ವರ್ಟರ್ ಕೇಬಲ್ ಸೇರಿ ₹1,900. ಬೇಕಂತಲೇ ರ‍್ಯಾಮ್ ಆಗಿ ಐದು ದಿನ ಬಿಟ್ಟು ಹಾಕಿದ್ದು. ಆ ಐದು ದಿನದಲ್ಲಿ ಒಮ್ಮೆ ಕಪ್ಪಾಗಿತ್ತು. ಹಾಕಿದ ಮೇಲೆ ಇಲ್ಲ. ನೋಟ್‌ಬುಕ್‌ನಲ್ಲಿ ಕೊನೆಯ ಸಾಲು ಮೇ 10, ಸಂಜೆ 5.44.

ಒಂದು ಪ್ರಶ್ನೆ ಉಳಿದಿದೆ. ಇನ್ನು ಮಳೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಮ್ಮಲ್ಲಿ ಗೋಡೆಯೇ ಬೆವರುತ್ತದೆ, ಚಪ್ಪಲಿಗೆ ಬೂಸಲು ಹಿಡಿಯುತ್ತದೆ. ಕಂಪ್ಯೂಟರಿಗೆ ಎಂತ ಮಾಡುವುದು?

ಬಿಜೈ ರಿಪೇರಿ · ಮೇ 28, ಬೆಳಿಗ್ಗೆ 8.20

ದಿನಾ ಒಂದು ಗಂಟೆಯಾದರೂ ಆನ್ ಮಾಡಿ. ಕೆಲಸ ಇಲ್ಲದಿದ್ದರೂ. ಒಳಗಿನ ಬಿಸಿಗೆ ತೇವ ಆರುತ್ತದೆ. ವಾರಗಟ್ಟಲೆ ಆಫ್ ಮಾಡಿ ಮೂಲೆಯಲ್ಲಿಟ್ಟ ಮೆಷಿನ್‌ಗಳೇ ಮಳೆಗಾಲದಲ್ಲಿ ನನ್ನ ಅಂಗಡಿಗೆ ಜಾಸ್ತಿ ಬರುವುದು. ಗೋಡೆಗೆ ತಾಗಿಸಬೇಡಿ, ಒಂದು ಗೇಣು ಜಾಗ ಬಿಡಿ. ನೆಲದಲ್ಲಿ ಇಡಬೇಡಿ. ಪ್ಲಾಸ್ಟಿಕ್ ಕವರ್ ಮುಚ್ಚಬೇಡಿ, ತೇವ ಒಳಗೇ ಉಳಿಯುತ್ತದೆ. ಹತ್ತಿ ಬಟ್ಟೆ ಆದೀತು.

ಕಾಪು ವಯರಿಂಗ್ · ಮೇ 28, ಬೆಳಿಗ್ಗೆ 8.45

ಗುಡುಗು ಕೇಳಿದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ. ಇಂಟರ್ನೆಟ್ ಕೇಬಲ್ ಕೂಡ. ಸಿಡಿಲು ಅದರಲ್ಲೂ ಬರುತ್ತದೆ.

ಶಾಂಭವಿ ಹೊಳೆಬದಿ · ಜುಲೈ 6, ಸಂಜೆ 6.25

ಇವತ್ತು ಮಗಳ ಸಿಇಟಿ ಆಪ್ಷನ್ ಎಂಟ್ರಿ ಮನೆಯಲ್ಲೇ ಮಾಡಿದೆವು. ಕಾಲೇಜುಗಳ ಪಟ್ಟಿ ಮಾಡಿ, ಹಿಂದೆ ಮುಂದೆ ಹಾಕಿ, ಎರಡೂವರೆ ಗಂಟೆ ಹಿಡಿಯಿತು. ನಡುವಿನಲ್ಲಿ ಮನೆಯವರು ಟ್ಯಾಂಕಿಗೆ ನೀರು ಏರಿಸಲು ಪಂಪ್ ಹಾಕಿದರು. ದೀಪ ಚೂರು ಮಂಕಾಯಿತು. ಮಗಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಪರದೆ ಹಾಗೇ ಇತ್ತು. ಅವಳು ಸೇವ್ ಒತ್ತಿ ಮುಂದಿನ ಕಾಲೇಜು ಹಾಕಿದಳು.